ಹಾಡು ಊರಿನದು, ಹೆಸರು ಯಾರದು?

ಕಿರ್ಲೋಸ್ಕರ ಎಂಬ ಹೆಸರು ಕೇಳಿದರೆ ಬೆಳಗಾವಿ ಜಿಲ್ಲೆಯ ರೈತನಿಗೆ ನೆನಪಾಗುವುದು ಬಾವಿಯ ಮೇಲಿನ ಪಂಪು. ಪುಣೆಯ ನಾಟಕಪ್ರಿಯನಿಗೆ ನೆನಪಾಗುವುದು ‘ಸಂಗೀತ ಸೌಭದ್ರ’. ಈ ಎರಡೂ ಕೀರ್ತಿಗಳ ಬೇರು ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿದೆ ಎಂಬುದು ಎರಡೂ ಕಡೆಯ ಬಹುಮಂದಿಗೆ ತಿಳಿಯದು. ನೇಗಿಲು, ಪಂಪುಗಳ ಕಾರಖಾನೆ ಕಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ ಅಲ್ಲಿ ಹುಟ್ಟಿದ್ದು 1869ರಲ್ಲಿ. ಅವರಿಗಿಂತ ಒಂದು ತಲೆಮಾರು ಹಿಂದೆ, 1843ರಲ್ಲಿ, ಅದೇ ಮನೆತನದಲ್ಲಿ ಬಳವಂತ ಪಾಂಡುರಂಗ ಕಿರ್ಲೋಸ್ಕರ ಹುಟ್ಟಿದರು. ಮರಾಠಿ ಸಂಗೀತ ನಾಟಕದ ಜನಕ ಎಂದು ಮಹಾರಾಷ್ಟ್ರ ಇಂದಿಗೂ ಕೈಮುಗಿಯುವ ಅಣ್ಣಾಸಾಹೇಬ ಕಿರ್ಲೋಸ್ಕರ ಇವರೇ. 1885ರಲ್ಲಿ ಅವರು ಕಣ್ಣು ಮುಚ್ಚಿದ್ದೂ ಗುರ್ಲಹೊಸೂರಿನಲ್ಲಿಯೇ.

ಎಂಬತ್ತರ ದಶಕ ಎಂದರೆ ಇಂದಿನ ನಡುವಯಸ್ಕರಿಗೆ ಕ್ಯಾಸೆಟ್ಟಿನ ಕಾಲ. ಅಂದಿನ ಹಾಡುಗಳನ್ನೂ, ಆಗ ಬೆಳಕಿಗೆ ಬಾರದೆ ಹೋದ ಗಾಯಕರನ್ನೂ ನೆನೆದು ನಿಟ್ಟುಸಿರು ಬಿಡುವುದು ಈಗ ಎಲ್ಲ ಕಡೆ ನಡೆದಿದೆ. ಆದರೆ ಸವದತ್ತಿ, ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಈ ಸೀಮೆಗೆ ಅದಕ್ಕೂ ನೂರು ವರ್ಷ ಹಿಂದಿನ ಇನ್ನೊಂದು ಎಂಬತ್ತರ ದಶಕ ಉಂಟು. ಹಾಡಿನ ಲೋಕದಲ್ಲಿ ಯಾರ ಹೆಸರು ಉಳಿಯುತ್ತದೆ, ಯಾರದು ಅಳಿಯುತ್ತದೆ ಎಂಬ ಲೆಕ್ಕಾಚಾರ ಇಲ್ಲಿ ಹೇಗೆ ನಡೆಯಿತು ಎಂದು ತಿಳಿಯಬೇಕಾದರೆ ಅಲ್ಲಿಂದಲೇ ಹೊರಡಬೇಕು.

1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅಣ್ಣಾಸಾಹೇಬರ ‘ಸಂಗೀತ ಶಾಕುಂತಲ’ ರಂಗಕ್ಕೆ ಬಂತು. ಎರಡು ವರ್ಷಗಳ ನಂತರ ‘ಸೌಭದ್ರ’ ಬಂತು. ಅದಕ್ಕೂ ಮುಂಚಿನ ಮರಾಠಿ ಪೌರಾಣಿಕ ಆಟಗಳಲ್ಲಿ ಸೂತ್ರಧಾರನೇ ಹಾಡುತ್ತಿದ್ದ, ಪಾತ್ರಗಳು ಮಾತಾಡುತ್ತಿದ್ದವು. ಆ ಪದ್ಧತಿಗೂ ಮೂಲ ಕನ್ನಡ ನಾಡೇ. 1842ರಲ್ಲಿ ಉತ್ತರ ಕನ್ನಡದ ಭಾಗವತರ ಮೇಳವೊಂದು ಸಾಂಗಲಿಯಲ್ಲಿ ಆಟ ಆಡಿತು. ಅದನ್ನು ಕಂಡ ಅಲ್ಲಿನ ಸಂಸ್ಥಾನಿಕರು ಇಂಥದೇ ಮರಾಠಿಯಲ್ಲಿ ಆಗಲಿ ಎಂದು ವಿಷ್ಣುದಾಸ ಭಾವೆ ಅವರಿಗೆ ಹೇಳಿದರು. ಮರುವರ್ಷ ‘ಸೀತಾ ಸ್ವಯಂವರ’ ಆಯಿತು. ಭಾವೆ ಅವರ ಹೆಸರನ್ನು ಮಹಾರಾಷ್ಟ್ರದ ಶಾಲೆಯ ಮಕ್ಕಳೂ ಬಲ್ಲರು. ಆ ಮೇಳದಲ್ಲಿ ಅಂದು ಹಾಡಿದ ಭಾಗವತನನ್ನು ಯಾರೂ ನೆನೆಯುವುದಿಲ್ಲ.

ಅಣ್ಣಾಸಾಹೇಬರು ಮಾಡಿದ ಬದಲಾವಣೆ ಎಂದರೆ ಹಾಡನ್ನು ಸೂತ್ರಧಾರನ ಬಾಯಿಂದ ತೆಗೆದು ಪಾತ್ರಧಾರಿಯ ಬಾಯಿಗೆ ಕೊಟ್ಟದ್ದು. ದುಷ್ಯಂತ ತಾನೇ ಹಾಡಿದ, ಶಕುಂತಲೆ ತಾನೇ ಹಾಡಿದಳು. ಮಾತು ಸಣ್ಣದಾಗಿ ಕಾಣುತ್ತದೆ. ಅದರ ಪರಿಣಾಮ ಸಣ್ಣದಲ್ಲ. ಹಾಡು ಪಾತ್ರಧಾರಿಯ ಸೊತ್ತಾದ ದಿನದಿಂದ ಪ್ರೇಕ್ಷಕ ಕಥೆಯನ್ನು ನೋಡಲು ಬರುವುದು ಕಡಿಮೆಯಾಗಿ, ಹಾಡುವವನನ್ನು ನೋಡಲು ಬರುವುದು ಹೆಚ್ಚಾಯಿತು. ಸುಭದ್ರೆಯ ಪಾತ್ರಕ್ಕೆ ಬಂದ ಭಾವುರಾವ್ ಕೋಲ್ಹಟ್ಕರರ ಕಂಠಕ್ಕಾಗಿ ಜನ ಮುಗಿಬಿದ್ದರು. ನಮ್ಮ ಭಾಗದಲ್ಲಿ ‘ಸ್ಟಾರ್’ ಎಂಬ ಪದ ಬರುವ ಮೊದಲೇ ಸ್ಟಾರ್ ಬಂದದ್ದು ಹೀಗೆ.

ಆ ಹಾಡುಗಳ ಧಾಟಿ ಎಲ್ಲಿಂದ ಬಂದವು? ಅಂದಿನ ಸಂಗೀತ ನಾಟಕಗಳ ಅಚ್ಚಿನ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ‘ಚಾಲ’ ಎಂದು ಬರೆದು, ಯಾವ ಹಾಡಿನ ಮಟ್ಟಿನಲ್ಲಿ ಹಾಡಬೇಕು ಎಂದು ಸೂಚಿಸುವ ರೂಢಿ ಇತ್ತು. ಕಿರ್ಲೋಸ್ಕರರು ಲಾವಣಿ, ಕೀರ್ತನೆ, ಸಾಕಿ, ದಿಂಡಿಗಳ ಜೊತೆಗೆ ಕನ್ನಡದ ಮಟ್ಟುಗಳನ್ನೂ ಧಾರಾಳವಾಗಿ ಬಳಸಿದರು ಎಂಬುದನ್ನು ಮರಾಠಿ ರಂಗಭೂಮಿಯ ಇತಿಹಾಸಕಾರರೇ ಒಪ್ಪುತ್ತಾರೆ. ಮಲಪ್ರಭೆಯ ದಂಡೆಯಲ್ಲಿ ಬೆಳೆದವರಿಗೆ ಅದು ಸಹಜವೇ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಎಲ್ಲಿಂದ ತಂದದ್ದೆಂದು ಪುಸ್ತಕ ಸೂಚಿಸುವುದಂತೂ ಉಂಟು. ಆದರೆ ‘ಚಾಲ’ ಹಾಡನ್ನು ಹೆಸರಿಸುತ್ತದೆಯೇ ಹೊರತು ಹಾಡಿದವರನ್ನಲ್ಲ.

<b>ಬೈಲಹೊಂಗಲದ ಕೊಲೆ, ಲಂಡನ್ನಿನ ಓದುಗ</b>

ಅದೇ ದಶಕದಲ್ಲಿ, ಗುರ್ಲಹೊಸೂರಿನಿಂದ ಚಕ್ಕಡಿಯಲ್ಲಿ ಹೊರಟರೆ ಕತ್ತಲಾಗುವುದರೊಳಗೆ ಮುಟ್ಟಬಹುದಾದ ಬೈಲಹೊಂಗಲದ ಸುತ್ತ ಬೇರೊಂದು ಹಾಡು ಜನರ ಬಾಯಲ್ಲಿತ್ತು. ಸಾಹುಕಾರ ಸಂಗ್ಯಾ, ಅವನ ಗೆಳೆಯ ಬಾಳ್ಯಾ, ಪರರ ಹೆಂಡತಿ ಗಂಗಿ. ಪ್ರೀತಿ, ಗುಟ್ಟು ರಟ್ಟಾಗುವುದು, ಕೊನೆಗೆ ಕೊಲೆ. ಊರಿನಲ್ಲಿ ನಿಜವಾಗಿ ನಡೆದ ಸಂಗತಿ ಎಂದೇ ಜನ ನಂಬಿಕೊಂಡು ಬಂದಿದ್ದಾರೆ. ಮುಂಬೈ ಸರ್ಕಾರದ ಅಧಿಕಾರಿಯೂ ಶಾಸನತಜ್ಞರೂ ಆಗಿದ್ದ ಜೆ. ಎಫ್. ಫ್ಲೀಟ್ ಈ ಕಥೆಯ ಲಾವಣಿಯನ್ನು ಬರೆಸಿಕೊಂಡು, 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಮಾಡಿಸಿದರು. ಅದೇ ಮಾಲೆಯಲ್ಲಿ ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿಗಳೂ ಬಂದವು. ವರಮಾನ ತೆರಿಗೆ ಹೇರಿದಾಗ ಜನ ಪಟ್ಟ ಪಾಡನ್ನು ಹೇಳುವ ಲಾವಣಿಯೂ ಅದರಲ್ಲಿದೆ! ತೆರಿಗೆ ವಸೂಲಿ ಮಾಡುವ ಸರ್ಕಾರದ ಅಧಿಕಾರಿಯೇ ಅದನ್ನು ಅಚ್ಚಿಗೆ ಕೊಟ್ಟದ್ದು ಒಂದು ಸೋಜಿಗ.

ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೇರಿಸಿದ್ದು 1831ರಲ್ಲಿ. ಫ್ಲೀಟರ ಕೈಗೆ ಲಾವಣಿ ಸಿಕ್ಕಾಗ ಅರ್ಧ ಶತಮಾನ ಕಳೆದಿತ್ತು. ಅಷ್ಟು ಕಾಲ ಆ ಹೆಸರನ್ನು ಕಾಪಾಡಿದವರು ದಪ್ಪು, ತುಂತುಣಿ ಹಿಡಿದು ಜಾತ್ರೆಯಿಂದ ಜಾತ್ರೆಗೆ ತಿರುಗಿದ ಹಾಡುಗಾರರು. 1961ರಲ್ಲಿ ಬಿ. ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’ ಚಿತ್ರ ಬಂದಾಗ, 2012ರಲ್ಲಿ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’ ಬಂದಾಗ, ರಾಣಿಗೂ ರಾಯಣ್ಣನಿಗೂ ಬೆಳ್ಳಿತೆರೆಯ ಮುಖಗಳು ಅಂಟಿಕೊಂಡವು. ಕ್ಯಾಲೆಂಡರಿನ ಮೇಲೆ, ಆಟೊದ ಹಿಂಬದಿಯಲ್ಲಿ ಈಗ ಕಾಣುವುದು ಹೆಚ್ಚಾಗಿ ಆ ಮುಖಗಳೇ.

ಹಾಗೆಂದು ಲಾವಣಿಕಾರರು ಹೆಸರಿನ ಆಸೆ ಇಲ್ಲದ ಸಂತರಾಗಿದ್ದರು ಎಂದು ತಿಳಿಯಬೇಕಾಗಿಲ್ಲ. ಹರದೇಶಿ, ನಾಗೇಶಿ ಪಂಗಡಗಳು ರಾತ್ರಿಯಿಡೀ ಹಾಡಿನಲ್ಲಿಯೇ ವಾದಕ್ಕೆ ನಿಲ್ಲುತ್ತಿದ್ದುದು ಗೆಲ್ಲುವುದಕ್ಕಾಗಿಯೇ. ಲಾವಣಿಯ ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ಕಟ್ಟಿದವನ ಹೆಸರು ಸೇರಿಸುವ ಪದ್ಧತಿ ಇತ್ತು. ಮೊದಲ ಗ್ರಾಮಫೋನ್ ಮುದ್ರಿಕೆಗಳ ಕಾಲದಲ್ಲಿ, 1902ರಲ್ಲಿ ಕೋಲ್ಕತ್ತದ ಗೌಹರ್ ಜಾನ್ ಹಾಡು ಮುಗಿಸಿ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಕೂಗಿ ಹೇಳಿದ್ದು ಪ್ರಸಿದ್ಧ. ದೂರದ ಜರ್ಮನಿಯಲ್ಲಿ ತಟ್ಟೆ ಅಚ್ಚೊತ್ತುವವರಿಗೆ ಇದು ಯಾರ ಹಾಡೆಂದು ಗುರುತು ಸಿಗಲಿ ಎಂಬುದು ಅದರ ಉದ್ದೇಶವಾಗಿತ್ತು. ನಮ್ಮ ಲಾವಣಿಕಾರನೂ ಮಾಡುತ್ತಿದ್ದುದು ಅದನ್ನೇ. ಆದರೆ ಮುಂದೆ ಹಾಡುವವನು ಕೊನೆಯ ನುಡಿಯನ್ನು ಬಿಟ್ಟರೆ, ಅಥವಾ ಅಲ್ಲಿ ತನ್ನ ಗುರುವಿನ ಹೆಸರು ಸೇರಿಸಿದರೆ, ಹಳೆಯ ಹೆಸರು ಅಲ್ಲಿಗೆ ಮುಗಿಯಿತು.

ಸಂಗ್ಯಾ ಬಾಳ್ಯಾ ಸಣ್ಣಾಟವಾಗಿ ಬೆಳೆಯಿತು. ಅದನ್ನು ಕಟ್ಟಿದವರೆಂದು ಬೈಲಹೊಂಗಲದ ರಾಯಪ್ಪ ಎಂಬುವರ ಹೆಸರು ಹೇಳುವುದುಂಟು. ಆ ಹೆಸರಿನ ಹಿಂದಿನ ಮನುಷ್ಯನ ಬಗ್ಗೆ ಜನ ಹೇಳುವುದು ಕಡಿಮೆ. ಇಪ್ಪತ್ತನೆಯ ಶತಮಾನದಲ್ಲಿ ಇದೇ ಜಿಲ್ಲೆಯ ಘೋಡಗೇರಿಯವರಾದ ಚಂದ್ರಶೇಖರ ಕಂಬಾರರು ಆಟದ ಪಠ್ಯವನ್ನು ಸಂಪಾದಿಸಿ ಪ್ರಕಟಿಸಿದ ಮೇಲೆ ಅದು ವಿಶ್ವವಿದ್ಯಾಲಯದ ಓದಿಗೂ ನಗರದ ಹವ್ಯಾಸಿ ರಂಗಕ್ಕೂ ಬಂತು. ಸುಂದರಕೃಷ್ಣ ಅರಸ್ ನಿರ್ದೇಶಿಸಿದ ಚಿತ್ರವೂ 1992ರಲ್ಲಿ ತೆರೆ ಕಂಡಿತು. ಕಂಬಾರರು ಮಾಡಿದ್ದು ದೊಡ್ಡ ಉಪಕಾರ. ಅವರು ಅಚ್ಚಿಗೆ ತಾರದಿದ್ದರೆ ಆಟದ ಹೆಸರೂ ಊರ ಗಡಿ ದಾಟುತ್ತಿರಲಿಲ್ಲವೇನೋ. ಆದರೆ ಅಚ್ಚಾದ ಆಟಕ್ಕೆ ಪುಸ್ತಕದ ಮುಖಪುಟದ ಹೆಸರು ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಗಂಗಿಯಾಗಿ ನೂರಾರು ರಾತ್ರಿ ಹಾಡಿದವರ ಹೆಸರು ಸೇರುವ ಪುಟ ಅದರಲ್ಲಿ ಇರುವುದಿಲ್ಲ.

ಗೋಕಾಕ ಸೀಮೆಯ ಶ್ರೀಕೃಷ್ಣ ಪಾರಿಜಾತದ ಕಥೆ ಇದಕ್ಕೆ ತಿರುಗಾಮುರುಗಾ. ಕೃತಿ ರಚಿಸಿದವರು ಅಪರಾಳ ತಮ್ಮಣ್ಣ; ಆದರೆ ಅದನ್ನು ಆಟವಾಗಿ ಊರೂರಿಗೆ ಒಯ್ದ ಕುಲಗೋಡ ತಮ್ಮಣ್ಣನ ಹೆಸರೇ ಜನರ ಬಾಯಲ್ಲಿ ಹೆಚ್ಚು ಕಾಲ ನಿಂತಿತು. ಮುಂದೆ ಕೌಜಲಗಿ ನಿಂಗಮ್ಮ ಅದೇ ಆಟದಿಂದ ಮನೆಮಾತಾದರು. ಆಡುವವರು ಬರೆದವನನ್ನು ಮರೆಸಿದ ಉದಾಹರಣೆಯೂ ಇದೆ ಎನ್ನುವುದಕ್ಕೆ ಇದನ್ನು ಹೇಳಬೇಕಾಯಿತು.

<b>ಒನ್ಸ್ ಮೋರ್</b>

ಕಂಪನಿ ನಾಟಕದ ಕಾಲಕ್ಕೆ ಬಂದರೆ ಹೆಸರಿನ ವ್ಯವಹಾರ ಇನ್ನೂ ನಿಚ್ಚಳವಾಗುತ್ತದೆ. ಸವದತ್ತಿ ಯಲ್ಲಮ್ಮನ ಗುಡ್ಡದ ಹುಣ್ಣಿಮೆಗಳು, ರಾಮದುರ್ಗ ತಾಲೂಕಿನ ಗೊಡಚಿ ವೀರಭದ್ರನ ಜಾತ್ರೆ ಇಂಥ ಕಡೆ ಕಂಪನಿಗಳಿಗೆ ಸುಗ್ಗಿ. ಹ್ಯಾಂಡ್‌ಬಿಲ್ಲಿನಲ್ಲಿ ಮಾಲೀಕರ ಹೆಸರು, ನಾಯಕ ನಟನ ಹೆಸರು, ನಟಿಯ ಹೆಸರು ದಪ್ಪ ಅಕ್ಷರದಲ್ಲಿ. ಪ್ರೇಕ್ಷಕರು ‘ಒನ್ಸ್ ಮೋರ್’ ಎಂದು ಕೂಗಿದರೆ ನಾಯಕ ಅದೇ ಹಾಡನ್ನು ಮತ್ತೆ ಹಾಡಬೇಕು. ಯುದ್ಧದಲ್ಲಿ ಸತ್ತು ಬಿದ್ದವನೂ ಎದ್ದು ಹಾಡಿ ಮತ್ತೆ ಬಿದ್ದ ತಮಾಷೆಗಳನ್ನು ಹಳಬರು ಹೇಳುತ್ತಾರೆ. ಚಪ್ಪಾಳೆ ಹಾಡಿದವನಿಗೆ. ಕಾಲುಪೇಟಿ ಒತ್ತುತ್ತ, ನಾಯಕ ಶ್ರುತಿ ತಪ್ಪಿದಾಗ ಮೆಲ್ಲಗೆ ದಾರಿಗೆ ತರುತ್ತಿದ್ದ ಪೇಟಿ ಮಾಸ್ತರನಿಗೂ ತಬಲಾದವನಿಗೂ ಅಷ್ಟೇ ಸಲ ಬೆವರು. ಆದರೆ ಹ್ಯಾಂಡ್‌ಬಿಲ್ಲಿನಲ್ಲಿ ಅವರು ಒಂದು ಸಣ್ಣ ಸಾಲು, ಕೆಲವೊಮ್ಮೆ ಅದೂ ಇಲ್ಲ.

ಪೇಟಿ ನುಡಿಸುವವರಲ್ಲಿ ಗೋವಿಂದರಾವ್ ಟೆಂಬೆ ಅವರ ಹೆಸರು ಇಂದಿಗೂ ಉಳಿದಿದೆಯಲ್ಲ ಎಂದು ಕೇಳಬಹುದು. ನಿಜ. 1911ರ ‘ಮಾನಾಪಮಾನ’ ನಾಟಕಕ್ಕೆ ಅವರು ಕೂಡಿಸಿದ ಸಂಗೀತ ಮರೆಯುವಂಥದಲ್ಲ. 1913ರಲ್ಲಿ ಕಿರ್ಲೋಸ್ಕರ ಮಂಡಳಿ ಒಡೆದು ಗಂಧರ್ವ ನಾಟಕ ಮಂಡಳಿ ಹುಟ್ಟಿದಾಗ ಅವರೂ ಅದರ ಪಾಲುದಾರರು. ಮೇಲಾಗಿ ಅವರು ತಮ್ಮ ಬದುಕಿನ ಕಥೆಯನ್ನು ತಾವೇ ಬರೆದಿಟ್ಟರು. ಕಲೆಯ ಜೊತೆಗೆ ಪಾಲು ಮತ್ತು ಪೆನ್ನು ಎರಡೂ ಇದ್ದ ಪೇಟಿಗಾರ ಅಪರೂಪ.

ಆ ಗಂಧರ್ವ ಮಂಡಳಿಯ ಒಡೆಯ ಬಾಲಗಂಧರ್ವರಿಗೆ ಸಿಕ್ಕ ಮನ್ನಣೆ, ಮಾಫಿ ಈ ಭಾಗದ ಯಾವ ನಟನಿಗೂ ಸಿಕ್ಕಿಲ್ಲ. ರಂಗದ ಮೇಲೆ ನಿಜವಾದ ಅತ್ತರು, ಬೆಲೆಬಾಳುವ ಸೀರೆ, ರತ್ನಗಂಬಳಿ. ಕಂಪನಿ ಸಾಲದಲ್ಲಿ ಮುಳುಗಿದರೂ ಅಭಿಮಾನಿಗಳು ಅದನ್ನು ಅವರ ರಾಜಠೀವಿ ಎಂದೇ ಬಣ್ಣಿಸಿದರು. ಕೀರ್ತಿ ಕೇಳಿದ ಬೆಲೆಯೂ ದೊಡ್ಡದೇ: ‘ಮಾನಾಪಮಾನ’ದ ಮೊದಲ ಪ್ರಯೋಗದ ದಿನವೇ ಅವರ ಮಗಳು ತೀರಿಕೊಂಡಳು, ಆದರೂ ಅವರು ಬಣ್ಣ ಹಚ್ಚಿ ರಂಗಕ್ಕೆ ಬಂದರು. ವಯಸ್ಸು ಇಳಿದು ಸ್ತ್ರೀಪಾತ್ರ ಮಾಡಲಾಗದ ಕಾಲಕ್ಕೆ ಅವರ ಕಂಪನಿಯಲ್ಲಿ ಆ ಪಾತ್ರಗಳನ್ನು ಹೊತ್ತವರು ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯ ಗೋಹರಬಾಯಿ ಕರ್ನಾಟಕಿ. ಅವರದೇ ಶೈಲಿಯಲ್ಲಿ ಹಾಡಬಲ್ಲ ಗಾಯಕಿ ಎಂಬ ಖ್ಯಾತಿ ಆಕೆಗಿತ್ತು. 1964ರಲ್ಲಿ ಸಾಯುವ ತನಕ ಗೋಹರಬಾಯಿ ಅವರ ಜೊತೆಗಿದ್ದರು.

ಇಲ್ಲಿ ಲೆಕ್ಕ ಹೇಗೆ ಬರೆಯಲಾಯಿತು ಎಂಬುದನ್ನು ನೋಡಬೇಕು. ಅದೇ 1964ರಲ್ಲಿ ಬಾಲಗಂಧರ್ವರಿಗೆ ಪದ್ಮಭೂಷಣ ಬಂತು. 1967ರಲ್ಲಿ ಅವರು ತೀರಿಕೊಂಡ ಮರುವರ್ಷ ಪುಣೆಯಲ್ಲಿ ಅವರ ಹೆಸರಿನ ರಂಗಮಂದಿರ ಎದ್ದಿತು. 2011ರಲ್ಲಿ ಅವರ ಬದುಕಿನ ಮೇಲೆ ಮರಾಠಿ ಚಿತ್ರ ಬಂತು. ಗೋಹರಬಾಯಿಗೆ ಬಂದದ್ದು ಬಹುಕಾಲ ದೂರು ಮಾತ್ರ: ಗಂಧರ್ವರನ್ನು ಮನೆಯಿಂದ, ಅಭಿಮಾನಿಗಳಿಂದ ದೂರ ಮಾಡಿದವಳು ಎಂದು. ಸಾಲ ಮಾಡಿದ ಒಡೆಯನಿಗೆ ಮಾಫಿ. ಸಾಲದ ಕಾಲದಲ್ಲಿ ರಂಗ ನಡೆಸಿದ ಹೆಂಗಸಿಗೆ ಅಪವಾದ. ಆಕೆಯ ತಂಗಿ ಅಮೀರಬಾಯಿ 1943ರ ‘ಕಿಸ್ಮತ್’ ಚಿತ್ರದ ಹಾಡುಗಳಿಂದ ದೇಶಕ್ಕೆಲ್ಲ ಪರಿಚಿತರಾದವರು. ಅವರೂ ಮುಂದೆ ಮರೆವಿಗೆ ಸಂದು, ರಹಮತ್ ತರೀಕೆರೆಯವರು ಪುಸ್ತಕ ಬರೆದ ಮೇಲೆ ಕನ್ನಡಿಗರ ನೆನಪಿಗೆ ಮರಳಿದರು.

ಸವದತ್ತಿ ತಾಲೂಕಿನ ಏಣಗಿ ಗ್ರಾಮದ ಬಾಳಪ್ಪನವರ ಪ್ರಸಂಗ ಇಷ್ಟು ಕಹಿಯಾದುದಲ್ಲ. 1914ರಲ್ಲಿ ಹುಟ್ಟಿದ ಏಣಗಿ ಬಾಳಪ್ಪ ಎಳೆಯ ವಯಸ್ಸಿನಲ್ಲಿಯೇ ಬಣ್ಣ ಹಚ್ಚಿದರು, ಸ್ತ್ರೀಪಾತ್ರಗಳಲ್ಲಿ ಹೆಸರು ಮಾಡಿದರು, ಕಲಾವೈಭವ ನಾಟ್ಯ ಸಂಘ ಕಟ್ಟಿ ದಶಕಗಳ ಕಾಲ ನಡೆಸಿದರು. ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಅವರು ಬಸವಣ್ಣನಾಗಿ ರಂಗಕ್ಕೆ ಬಂದು ವಚನ ಹಾಡಿದರೆ ಹಳ್ಳಿಯ ಜನ ಎದ್ದು ಕೈಮುಗಿಯುತ್ತಿದ್ದರು ಎಂದು ಆ ನಾಟಕ ಕಂಡವರು ಹೇಳುತ್ತಿದ್ದರು. 2017ರ ಆಗಸ್ಟ್ 18ರಂದು, ನೂರಮೂರರ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಪತ್ರಿಕೆಗಳು ಒಂದು ಯುಗ ಮುಗಿಯಿತೆಂದು ಬರೆದವು. ಅವರ ನೆನಪುಗಳನ್ನು ಗಣೇಶ ಅಮೀನಗಡ ‘ಬಣ್ಣದ ಬದುಕಿನ ಚಿನ್ನದ ದಿನಗಳು’ ಎಂಬ ಪುಸ್ತಕವಾಗಿ ದಾಖಲಿಸಿದ್ದು ಒಳ್ಳೆಯ ಕೆಲಸ.

ಬಾಳಪ್ಪನವರ ಯೋಗ್ಯತೆಯನ್ನು ಯಾರೂ ಶಂಕಿಸಲಾರರು. ಆದರೆ ಅವರಿಗೆ ಒದಗಿಬಂದ ಮೂರು ಅನುಕೂಲಗಳು ಅವರ ಸರೀಕರಲ್ಲಿ ಬಹುಮಂದಿಗೆ ಇರಲಿಲ್ಲ. ಕಂಪನಿ ಅವರ ಕೈಯಲ್ಲಿತ್ತು. ನೂರು ದಾಟುವ ಆಯುಷ್ಯ ಇತ್ತು. ಕೇಳಿ ಬರೆದುಕೊಳ್ಳುವವರು ಮನೆಗೆ ಬಂದರು. ಅವರ ಕಂಪನಿಯ ರಂಗವನ್ನೇ ಬೆಳಗಿದ ನಟಿಯರಲ್ಲಿ ಎಷ್ಟು ಜನರ ಮನೆಗೆ ಯಾರು ಹೋದರು? ಕಂಪನಿಗೆ ಹೆಂಗಸರು ಬಂದ ಕಾಲದಲ್ಲಿ ಅವರಲ್ಲಿ ಬಹಳಷ್ಟು ಮಂದಿ ಹಾಡು ಕುಣಿತವೇ ಕುಲವೃತ್ತಿಯಾಗಿದ್ದ ಮನೆಗಳಿಂದ ಬಂದವರು. ಯಲ್ಲಮ್ಮನ ಗುಡ್ಡದ ನೆರಳಿನ ಈ ಸೀಮೆಯಲ್ಲಿ ಅದು ಎಲ್ಲರಿಗೂ ತಿಳಿದ ಸಂಗತಿ. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ರಾಜ್ಯದ ಕಾಯಿದೆ ಬಂದದ್ದು 1982ರಲ್ಲಿ. ಕಾಯಿದೆ ಬೇಕೇ ಇತ್ತು. ಆದರೆ ಹಳೆಯ ಬದುಕಿನ ಗುರುತು ಬೇಡವೆಂದು ಮಕ್ಕಳು ಮೊಮ್ಮಕ್ಕಳು ತಾಯಂದಿರ ಹಾಡಿನ ಮಾತನ್ನೇ ಎತ್ತದಿದ್ದರೆ ಅವರನ್ನು ದೂರುವಂತಿಲ್ಲ. ಗಂಡಸಿಗೆ ಬಿರುದು ತಂದ ರಂಗ ಹೆಂಗಸಿಗೆ ಮುಚ್ಚಿಡಬೇಕಾದ ಗುಟ್ಟಾಯಿತು.

<b>ಮತ್ತೊಂದು ಎಂಬತ್ತರ ದಶಕ</b>

ನೂರು ವರ್ಷಗಳ ನಂತರದ ಎಂಬತ್ತರ ದಶಕದಲ್ಲಿ ಕ್ಯಾಸೆಟ್ಟು ಬಂತು. ಅದಕ್ಕೂ ಮುಂಚೆ ಗ್ರಾಮಫೋನ್ ತಟ್ಟೆ ದೊಡ್ಡ ಕಂಪನಿಗಳ ಹಿಡಿತದಲ್ಲಿದ್ದ ದುಬಾರಿ ಸರಕು. ಕ್ಯಾಸೆಟ್ಟಿಗೆ ಸಣ್ಣ ಬಂಡವಾಳ ಸಾಕಾಯಿತು. ಅಗ್ಗದ ಕ್ಯಾಸೆಟ್ಟಿನಿಂದ ಉತ್ತರ ಭಾರತದ ಪ್ರಾದೇಶಿಕ ಸಂಗೀತಗಳು ಹೇಗೆ ತಲೆಯೆತ್ತಿದವು ಎಂಬುದನ್ನು ಅಮೆರಿಕದ ವಿದ್ವಾಂಸ ಪೀಟರ್ ಮ್ಯಾನುಯೆಲ್ 1993ರ ಪುಸ್ತಕದಲ್ಲಿ ವಿವರಿಸಿದ್ದಾರೆ. ಇಲ್ಲಿಯೂ ಆದದ್ದು ಅದೇ. ಯಲ್ಲಮ್ಮನ ಪದ, ಗೀಗೀ ಪದ, ಡೊಳ್ಳಿನ ಪದ, ಪಾರಿಜಾತ ಎಲ್ಲ ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲಿ ಸಿಗತೊಡಗಿದವು. ಬಿಚ್ಚಿ ನೋಡಿದರೆ ಹೊದಿಕೆಯ ಮೇಲೆ ದೇವಿಯ ಚಿತ್ರ, ಕ್ಯಾಸೆಟ್ ಕಂಪನಿಯ ಹೆಸರು, ಬೆಲೆ. ‘ಮತ್ತು ಸಂಗಡಿಗರು’ ಎಂಬ ಎರಡು ಪದಗಳೊಳಗೆ ಇಡೀ ಮೇಳ ಅಡಗಿತ್ತು. ಅದೇ ಕ್ಯಾಸೆಟ್ಟು, ಟಿ.ವಿ., ವಿಡಿಯೊಗಳ ಹೊಡೆತಕ್ಕೆ ಕಂಪನಿಗಳ ಡೇರೆಗಳೂ ಒಂದೊಂದಾಗಿ ಕಿತ್ತವು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಈಗಲೂ ಸಾಲುಗಟ್ಟಿ ನಿಲ್ಲುವ ಕಂಪನಿಗಳು ಬದುಕಿಕೊಂಡಿರುವುದು ಹೆಚ್ಚಾಗಿ ಹಾಸ್ಯದ ಮೇಲೆ. ನಾಟಕಗಳ ಹೆಸರುಗಳನ್ನು ಮಕ್ಕಳೆದುರು ಗಟ್ಟಿಯಾಗಿ ಓದುವಂತಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆದ ಅನ್ಯಾಯವೇನಲ್ಲ. ಅಮೆರಿಕದ ಡೆಟ್ರಾಯ್ಟ್ ನಗರದಲ್ಲಿ ಮೋಟೌನ್ ಎಂಬ ಕಂಪನಿ ಅರವತ್ತರ ದಶಕದಲ್ಲಿ ಒಂದರ ಮೇಲೊಂದು ಜನಪ್ರಿಯ ಹಾಡು ಹೊರತಂದಿತು. ಹಾಡಿದವರು ಜಗತ್ಪ್ರಸಿದ್ಧರಾದರು. ಹಿಂದೆ ನುಡಿಸಿದ ವಾದ್ಯಗಾರರ ತಂಡ ಮಾತ್ರ ಬಹುಮಟ್ಟಿಗೆ ಅದೇ. ತಮ್ಮೊಳಗೆ ‘ಫಂಕ್ ಬ್ರದರ್ಸ್’ ಎಂದು ಕರೆದುಕೊಳ್ಳುತ್ತಿದ್ದರು. ಅವರ ಹೆಸರುಗಳು ತಟ್ಟೆಯ ಹೊದಿಕೆಯ ಮೇಲೆ ಸರಿಯಾಗಿ ಅಚ್ಚಾದದ್ದು 1971ರಲ್ಲಿ, ಮಾರ್ವಿನ್ ಗೇ ಅವರ ಒಂದು ಆಲ್ಬಮಿನಲ್ಲಿ. 2002ರಲ್ಲಿ ಅವರ ಬಗ್ಗೆ ಸಾಕ್ಷ್ಯಚಿತ್ರ ಬಂದಾಗ ಅವರಲ್ಲಿ ಹಲವರು ಬದುಕಿರಲಿಲ್ಲ. ಆದರೂ ಅಲ್ಲಿ ಸ್ಟುಡಿಯೊದ ಲೆಕ್ಕಪತ್ರ ಇತ್ತು, ಹುಡುಕಿದರೆ ಹೆಸರು ಸಿಕ್ಕಿತು. ಗೊಡಚಿಯ ಜಾತ್ರೆಯಲ್ಲಿ ನುಡಿಸಿದ ತಬಲಾದವನ ಸಂಬಳದ ಪುಸ್ತಕ ಹುಡುಕಲು ಎಲ್ಲಿಗೆ ಹೋಗಬೇಕು?

ಈಗ ಹಳೆಯ ಕ್ಯಾಸೆಟ್ಟುಗಳ ದನಿ ಮೊಬೈಲಿಗೆ ಬಂದಿದೆ. ಯಾರೋ ಅಟ್ಟದಿಂದ ಇಳಿಸಿ, ಧೂಳು ಒರೆಸಿ, ಎಲ್ಲರಿಗೂ ಹಂಚುತ್ತಾರೆ. ‘ಹಳೆಯ ಪಾರಿಜಾತ’, ‘ಅಪರೂಪದ ಸಂಗ್ಯಾ ಬಾಳ್ಯಾ’ ಎಂಬ ತಲೆಬರಹ ಸಾಕಾಗುತ್ತದೆ. ಕೇಳಿದವರು ಕಣ್ಣೀರು ತಂದುಕೊಂಡು ಆ ಕಾಲವೇ ಚಂದ ಎನ್ನುತ್ತಾರೆ. ಹಾಡುತ್ತಿರುವ ಹೆಂಗಸು ಯಾರು, ಅವಳ ಊರು ಯಾವುದು, ಅವಳಿಗೆ ಮಾಸಾಶನ ಬರುತ್ತಿದೆಯೋ ಇಲ್ಲವೋ ಎಂದು ಕೇಳುವವರು ವಿರಳ. ಇದು ಬರೀ ಭಾವುಕತೆಯ ಪ್ರಶ್ನೆಯೂ ಅಲ್ಲ. ಕಷ್ಟದಲ್ಲಿರುವ ವೃದ್ಧ ಕಲಾವಿದರಿಗೆ ಸರ್ಕಾರದ ಮಾಸಾಶನ ಉಂಟು. ಅರ್ಜಿಯ ಜೊತೆಗೆ ಕಲಾಸೇವೆಯ ದಾಖಲೆ ಲಗತ್ತಿಸಬೇಕು. ಹ್ಯಾಂಡ್‌ಬಿಲ್ಲಿನಲ್ಲಿ ಎಂದೂ ಹೆಸರು ಅಚ್ಚಾಗದ ಪೇಟಿ ಮಾಸ್ತರ ಯಾವ ದಾಖಲೆ ತಂದಾನು?

ಪ್ರತಿ ವರ್ಷ ಅಕ್ಟೋಬರಿನಲ್ಲಿ, 1824ರ ವಿಜಯದ ನೆನಪಿಗೆ, ಕಿತ್ತೂರು ಉತ್ಸವ ನಡೆಯುತ್ತದೆ. ಕೋಟೆಯ ಬಯಲಿನಲ್ಲಿ ದೊಡ್ಡ ವೇದಿಕೆ, ಬಣ್ಣದ ದೀಪ. ಜನ ಕಿಕ್ಕಿರಿಯುವ ರಾತ್ರಿಯ ಹೊತ್ತು ಸಿನಿಮಾ ಹಾಡುಗಾರರಿಗೆ ಮೀಸಲು. ಲಾವಣಿ, ಗೀಗೀ ಮೇಳಗಳದು ಸಾಮಾನ್ಯವಾಗಿ ಅದಕ್ಕೂ ಮುಂಚಿನ, ಕುರ್ಚಿಗಳು ಇನ್ನೂ ತುಂಬದ ಹೊತ್ತು. ಸಿನಿಮಾ ಹಾಡುಗಾರರು ಬಂದರೆ ಜನ ಬರುತ್ತಾರೆ ಎಂಬ ಸಂಘಟಕರ ಮಾತನ್ನು ಸುಳ್ಳೆನ್ನಲಾಗದು. ಇಂಥ ಉತ್ಸವ, ಜಾತ್ರೆಗಳ ಫ್ಲೆಕ್ಸುಗಳನ್ನು ನಿಂತು ಓದಬೇಕು. ಮೇಲ್ಗಡೆ ಮಂತ್ರಿ ಶಾಸಕರ ಮುಖಗಳು, ನಡುವೆ ಸಿನಿಮಾ ಕಲಾವಿದರದು, ಅದರ ಕೆಳಗೆ ಪೆಂಡಾಲಿನವರ, ಧ್ವನಿವರ್ಧಕದವರ ಹೆಸರು ಮತ್ತು ಮೊಬೈಲ್ ಸಂಖ್ಯೆ. ಎಲ್ಲಕ್ಕೂ ಕೆಳಗೆ, ಜಾಗ ಉಳಿದಿದ್ದರೆ, ಒಂದು ಸಾಲು: ‘ಹಿಮ್ಮೇಳ, ಸ್ಥಳೀಯ ಕಲಾವಿದರಿಂದ’.